ಆಗದ ಖೂನಿ ನೋಡಲು ಇಟಲಿಗೆ

ರಕ್ತ ಕಂಡರೆ ನನಗೆ ತಲೆ ಸುತ್ತುತ್ತದೆ. ಗಡ್ಡ ಮಾಡಿಕೊಳ್ಳುವಾಗ ಚರ್ಮ ತುಸು ಕೆತ್ತಿದರೂ ಸಾಕು, ಗೋಡೆ ಹಿಡಿದು ಕೂತುಬಿಡುತ್ತೇನೆ. ನನ್ನ ಹೆಂಡತಿ ಸುವರ್ಣಾ ಹತ್ತಿ, ಅರಿಶಿನ ಹಿಡಿದು ಬಂದು ಕನ್ನಡಿಯನ್ನು ಆಚೆ ತಿರುಗಿಸಿಟ್ಟ ಮೇಲೆಯೇ ನನಗೆ ಉಸಿರು. ಇಂಥ ನನಗೆ ದಿನಕ್ಕೊಂದು ಖೂನಿಯಾಗದಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಖೂನಿ ಪುಸ್ತಕದಲ್ಲಿ ಆಗಬೇಕು, ಅಷ್ಟೇ. ನನ್ನ ಮನೆ ಬಸವಕಲ್ಯಾಣದಲ್ಲಿ, ನೌಕರಿ ಹುಮನಾಬಾದಿನ ಒಂದು ಕೆಮಿಕಲ್ ಫ್ಯಾಕ್ಟರಿಯ ಸ್ಟೋರಿನಲ್ಲಿ, ನಡುವೆ ಬಸ್ಸು. ಬಸ್ಸಿನಲ್ಲಿ ಬೇರೆಯವರು ನಿದ್ದೆ ಮಾಡುತ್ತಾರೆ, ಇಲ್ಲವೆ ಮೊಬೈಲಿನಲ್ಲಿ ಜಗಳವಾಡುತ್ತಾರೆ. ನಾನು ಪತ್ತೇದಾರಿ ಕಾದಂಬರಿ ಓದುತ್ತೇನೆ. ಬಸ್ ಸ್ಟ್ಯಾಂಡ್ ಬಿಡುವಾಗ ಹೆಣ ಬಿದ್ದಿರುತ್ತದೆ, ಬಂಗ್ಲಾ ಕ್ರಾಸಿಗೆ ಬರುವಷ್ಟರಲ್ಲಿ ಪೊಲೀಸರು ಬಂದಿರುತ್ತಾರೆ, ರಾಜೇಶ್ವರ ದಾಟುವಾಗ ನನಗೆ ಮೂವರ ಮೇಲೆ ಸಂಶಯ. ಹುಮನಾಬಾದಿನಲ್ಲಿ ಇಳಿಯುವ ಹೊತ್ತಿಗೆ ಆ ಮೂವರೂ ನಿರಪರಾಧಿಗಳೆಂದು ಗೊತ್ತಾಗಿ ಮುಖ ಸಣ್ಣದು ಮಾಡಿಕೊಂಡು ಫ್ಯಾಕ್ಟರಿಗೆ ನಡೆಯುತ್ತೇನೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಖೂನಿ ಮಾಡಿದವನನ್ನು ನಾನು ಮೊದಲೇ ಹಿಡಿದದ್ದಿಲ್ಲ.

ಮೊದಮೊದಲು ಎಲ್ಲ ದೇಶದ ಖೂನಿಗಳನ್ನೂ ಓದುತ್ತಿದ್ದೆ, ಭೇದಭಾವ ಇರಲಿಲ್ಲ. ಬರಬರುತ್ತ ಇಟಲಿಗೆ ಅಂಟಿಕೊಂಡೆ. ಬೇರೆ ದೇಶದ ಪತ್ತೇದಾರ ಮಳೆಯಲ್ಲಿ ನೆನೆಯುತ್ತಾನೆ, ಒಬ್ಬನೇ ಕುಡಿಯುತ್ತಾನೆ, ಹೆಂಡತಿ ಬಿಟ್ಟು ಹೋಗಿರುತ್ತಾಳೆ. ಇಟಲಿಯವನ ರೀತಿಯೇ ಬೇರೆ. ಬೆಳಿಗ್ಗೆ ಹೆಣ ನೋಡುತ್ತಾನೆ, ಅಯ್ಯೋ ಪಾಪ ಅನ್ನುತ್ತಾನೆ, ಮಧ್ಯಾಹ್ನವಾಗುತ್ತಲೇ ನೀರಿನ ದಂಡೆಯ ಹೋಟೆಲಿಗೆ ಊಟಕ್ಕೆ ಹೊರಡುತ್ತಾನೆ. ಅವನ ಊಟ ಮುಗಿಯುವ ತನಕ ಖೂನಿ ಮಾಡಿದವನೂ ಓಡಿಹೋಗದೆ ಕಾಯುತ್ತಾನೆ. ಊಟದ ವರ್ಣನೆ ಪುಟಗಟ್ಟಲೆ, ನಡುವೆ ಖೂನಿ ಉಪ್ಪಿನಕಾಯಿಯಷ್ಟು. ಈ ಪುಸ್ತಕ ಓದಿದವರು ಗುಂಪು ಕಟ್ಟಿಕೊಂಡು ಆ ಊರುಗಳಿಗೆ ಹೋಗುತ್ತಾರಂತೆ. ಇಲ್ಲಿ ಹೆಣ ಬಿದ್ದಿತ್ತು, ಇಲ್ಲಿ ಸಾಹೇಬರು ಮೀನು ತಿಂದರು ಎಂದು ತೋರಿಸಲು ಒಬ್ಬ ಮನುಷ್ಯನೂ ಇರುತ್ತಾನಂತೆ. ಹುಟ್ಟದ ಸಾಹೇಬ, ಸಾಯದ ಹೆಣ, ಆದರೂ ಜನ ಗಂಭೀರವಾಗಿ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ. ಇದನ್ನು ಓದಿ ನಾನು ನಗಬೇಕಿತ್ತು. ನಗಲಿಲ್ಲ, ನನಗೂ ಆ ಫೋಟೋದಲ್ಲಿ ನಿಲ್ಲಬೇಕೆನ್ನಿಸಿತು.

ನಮ್ಮೂರಿನಲ್ಲಿ ಏನು ಕಡಿಮೆ ಎಂದು ನೀವು ಕೇಳಬಹುದು. ಕೋಟೆಯಿದೆ, ಕಂದಕವಿದೆ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಆನಿಕೊಳ್ಳಬೇಕಾದ ಗಲ್ಲಿಗಳಿವೆ. ಆ ಕೋಟೆಯಲ್ಲಿ ನಿಜವಾಗಿಯೇ ಯಾರ್ಯಾರೋ ಸತ್ತಿರಬೇಕು. ಆದರೆ ನಿಜವಾಗಿ ಸತ್ತವರ ಬಗ್ಗೆ ನನಗೆ ಅಷ್ಟು ಆಸಕ್ತಿಯಿಲ್ಲ. ನಮ್ಮದೇ ನಮಗೆ ಚಂದ ಎಂಬ ಮಾತು ಬಹುಮಾನ ಹಂಚುವ ಸಮಾರಂಭದ ಭಾಷಣಕ್ಕೆ ಸರಿ. ಮೇಲಾಗಿ ನಮ್ಮ ಗಲ್ಲಿಯಲ್ಲಿ ಪತ್ತೇದಾರಿ ಕತೆ ನಡೆಯಲು ಸಾಧ್ಯವೇ ಇಲ್ಲ. ಖೂನಿ ಮಾಡಲು ಹೊರಟವನನ್ನು ಹಾದಿಯಲ್ಲಿ ನಾಲ್ಕು ಜನ ತಡೆದು, ಎಲ್ಲಿ ಹೊಂಟೀರಿ, ಚಹಾ ಕುಡದು ಹೋಗ್ರಿ ಅನ್ನುತ್ತಾರೆ. ಅವನು ಚಹಾ ಕುಡಿದು ಮನೆಗೆ ವಾಪಸಾಗುತ್ತಾನೆ.

ಒಂದು ದಿನ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ತಟ್ಟೆಯೊಳಗಿನ ನೀರು ಬೇಳೆ ನೋಡುತ್ತ ಕೂತಿದ್ದೆ. ಎದುರಿಗೆ ನನ್ನ ಜೊತೆ ಸ್ಟೋರಿನಲ್ಲೇ ಇರುವ ಯೂಸುಫ್ ಭಾಯಿ. ಬಾಯಿ ಸುಮ್ಮನಿರಲಾರದೆ, ಈ ವರ್ಷ ಇಟಲಿಗೆ ಹೋಗಿಬರೋಣ ಅಂತ ಇದ್ದೇನೆ ಎಂದುಬಿಟ್ಟೆ. ಆಣೆ ಮಾಡಿ ಹೇಳುತ್ತೇನೆ, ಅದು ಬೇಳೆಯ ಮೇಲಿನ ಸಿಟ್ಟಿಗೆ ಬಂದ ಮಾತು. ಯೂಸುಫ್ ಭಾಯಿ ಎದ್ದು ನಿಂತು ಕೈ ಕುಲುಕಿ, ಮುಬಾರಕ್ ಅಂದ. ಆ ಸಂಜೆ ನಾನು ಬಸ್ಸಿಳಿದು ಗಲ್ಲಿಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಶಾಂತಕ್ಕ ಕಟ್ಟೆಯ ಮೇಲೆ ಕೂತು, ವಿಮಾನದಲ್ಲಿ ರೊಟ್ಟಿ ಒಯ್ಯಲು ಬಿಡುತ್ತಾರೋ ಇಲ್ಲವೋ ಎಂದು ಸುವರ್ಣಾಳ ಜೊತೆ ಚರ್ಚೆ ನಡೆಸಿದ್ದರು.

ನಮ್ಮ ಕಡೆ ದೂರ ಹೊರಟವರನ್ನು ಸುಮ್ಮನೆ ಕಳಿಸುವ ಪದ್ಧತಿಯಿಲ್ಲ. ಕಾಶಿಗೆ ಹೊರಡಲಿ, ಹಜ್‌ಗೆ ಹೊರಡಲಿ, ಬೇಕಾದವರು ಒಬ್ಬೊಬ್ಬರಾಗಿ ಮನೆಗೆ ಕರೆದು ಉಣಿಸಿ, ಹಾರ ಹಾಕಿ, ಹೊಸ ಬಟ್ಟೆ ಕೊಡುತ್ತಾರೆ. ಈ ಬಟ್ಟೆಗೆ ಆಯೇರಿ ಎನ್ನುತ್ತೇವೆ. ಆಯೇರಿಯನ್ನು ಬೇಡ ಅನ್ನುವಂತಿಲ್ಲ, ಅಂದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ಸರಿ, ತೆಗೆದುಕೊಂಡಿರಿ ಎನ್ನಿ, ಆಮೇಲೆ ಹೋಗದೆ ಇರುವಂತಿಲ್ಲ. ಉಂಡು, ಉಟ್ಟು, ಹಾರ ಹಾಕಿಸಿಕೊಂಡು ಊರಲ್ಲೇ ತಿರುಗುವವನನ್ನು ಮುಂದೆ ಯಾವ ಮದುವೆಯಲ್ಲೂ ಯಾರೂ ಆಡಿಕೊಳ್ಳದೆ ಬಿಡುವುದಿಲ್ಲ. ಇಟಲಿಗೆ ಈ ಪದ್ಧತಿ ಅನ್ವಯಿಸುವುದಿಲ್ಲ ಎಂದು ನಾನು ತಿಳಿದಿದ್ದೆ. ಮೊದಲ ಕರೆ ಚಿಟಗುಪ್ಪದಿಂದ, ಸುವರ್ಣಾಳ ತಮ್ಮ ಶರಣಪ್ಪನಿಂದ ಬಂತು. ಹೋಳಿಗೆಯ ಮೇಲೆ ತುಪ್ಪ ಸುರಿದು ನಮಗಿಬ್ಬರಿಗೂ ಆಯೇರಿ ಮಾಡಿ, ಆಮೇಲೆ ಮೆಲ್ಲಗೆ, ಇಟಲಿಯಲ್ಲಿ ಯಾವ ದೇವರು ಎಂದು ಕೇಳಿದ. ದೇವರಲ್ಲಪ್ಪ, ಪುಸ್ತಕ, ಅದರಲ್ಲಿ ವೆನಿಸ್ ಎಂಬ ಊರಿನ ಸೇತುವೆ ಕೆಳಗೆ ಒಂದು ಖೂನಿಯಾಗುತ್ತದೆ, ಆ ಜಾಗ ನೋಡಬೇಕು ಎಂದೆ.

“ಖರೇನ ಆಗ್ಯಾದೇನ್ರಿ ಮಾಮಾ?”

“ಇಲ್ಲ, ಕಥ್ಯಾಗ.”

ಶರಣಪ್ಪ ತುಪ್ಪದ ಗಿಂಡಿ ಕೆಳಗಿಟ್ಟ. “ಆಗಲಾರದ ಖೂನಿ ನೋಡಾಕ ಅಷ್ಟು ದೂರ ಹೊಂಟೀರಿ?”

ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅಲ್ಲಿಂದ ಮುಂದೆ ತಡೆಯುವವರೇ ಇಲ್ಲ. ಮನ್ನಾಏಖೇಳ್ಳಿಯ ನೆಂಟರು ಕರೆದರು, ಶಾಂತಕ್ಕ ಕರೆದರು, ಯೂಸುಫ್ ಭಾಯಿ ಹುಮನಾಬಾದಿನಲ್ಲಿ ದಾವತ್ತನ್ನೇ ಮಾಡಿ ನನಗೊಂದು ಕೋಟು ಹೊಲಿಸಿಕೊಟ್ಟ. ಆ ಕೋಟು ತೊಟ್ಟ ಮೇಲೆ ನಾನು ಸಿಕ್ಕಿಬಿದ್ದೆ ಎಂಬುದು ಖಾತ್ರಿಯಾಯಿತು. ನಿಜ ಹೇಳಬೇಕೆಂದರೆ ನನಗೆ ವಿಮಾನವೆಂದರೆ ಹೆದರಿಕೆ. ಬಸ್ಸಿನ ಕಿಟಕಿಯ ಪಕ್ಕ ಕೂತು ಹೋಗುವ ಇಟಲಿಯೇ ನನಗೆ ಸಾಕಾಗಿತ್ತು.

ಆದರೆ ಸುವರ್ಣಾ ಬದಲಾಗಿದ್ದಳು. ಅವಳು ಹೊಲಿಗೆ ಕ್ಲಾಸು ನಡೆಸಿ ಕೂಡಿಟ್ಟ ದುಡ್ಡನ್ನು ತಾನಾಗಿಯೇ ಹೊರಗೆ ತೆಗೆದಳು, ಶೂ ಕೊಂಡಳು, ಮುಂಜಾನೆ ಕೋಟೆಯ ತನಕ ನಡೆದು ರೂಢಿ ಮಾಡತೊಡಗಿದಳು. ಅವಳು ಇದುವರೆಗೆ ಊರು ಬಿಟ್ಟದ್ದೆಲ್ಲ ಯಾರದೋ ಮದುವೆಗೆ, ಬಸುರಿಯ ಕುಬಸಕ್ಕೆ, ಇಲ್ಲವೆ ದತ್ತನ ದರ್ಶನಕ್ಕೆಂದು ಗಾಣಗಾಪುರಕ್ಕೆ, ಅದೂ ಇಡೀ ಬಳಗದ ಬುತ್ತಿ ಕಟ್ಟಿಕೊಂಡು. ಅಲ್ಲಿ ನಮ್ಮವರು ಯಾರೂ ಇಲ್ಲವಲ್ಲ, ಹೋಗಿ ಏನು ಮಾಡುತ್ತೀ ಎಂದು ನಾನು ಬೇಕಂತಲೇ ಕೆದಕಿದೆ.

“ಅದಕ್ಕ ಹೋಗೂದ್ರಿ,” ಅಂದಳು. “ನಮ್ಮವರು ಯಾರೂ ಇಲ್ಲಂದ್ರ ಯಾರಿಗೂ ರೊಟ್ಟಿ ಬಡಿಯೂದಿಲ್ಲ.”

ಇನ್ನು ಇವಳಿಗಾಗಿಯಾದರೂ ಹೋಗಲೇಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ. ಹೈದರಾಬಾದಿನ ಒಂದು ಟೂರಿನವರ ಗುಂಪಿನಲ್ಲಿ ಇಬ್ಬರ ಹೆಸರೂ ಬರೆಸಿದೆ.

ವೀಸಾ ಕೊಡುವ ಮೊದಲು ಆ ಕಚೇರಿಯ ಒಬ್ಬ ಹೆಣ್ಣುಮಗಳು ಫೋನು ಮಾಡಿ ನಾಲ್ಕು ಮಾತು ಕೇಳಿದಳು. ಸುವರ್ಣಾ ತನ್ನ ಸರದಿ ಬಂದಾಗ ಊರು ನೋಡಲಿಕ್ಕೆ, ಊಟ ಮಾಡಲಿಕ್ಕೆ ಎಂದು ಹೇಳಿ ಮುಗಿಸಿದಳು. ನಾನು ಬಿಟ್ಟೇನೆಯೇ? ಜೀವಮಾನದಲ್ಲಿ ಮೊದಲ ಸಲ ತಿಳಿದವರೊಬ್ಬರು ನನ್ನನ್ನು ಇಟಲಿಯ ಬಗ್ಗೆ ಕೇಳಿದ್ದಾರೆ. ವೆನಿಸ್‌ನಲ್ಲಿ ರಸ್ತೆಯಿಲ್ಲ, ಹೆಣವನ್ನು ದೋಣಿಯಲ್ಲೇ ಸಾಗಿಸಬೇಕು, ಅದು ಹೇಗೆ ಸಾಧ್ಯವೆಂದು ಕಣ್ಣಾರೆ ನೋಡಬೇಕಾಗಿದೆ ಎಂದೆ. ಸಿಸಿಲಿಯಲ್ಲಿ ಪೊಲೀಸ್ ಠಾಣೆಯ ಹಿಂಬಾಗಿಲು ನೋಡುವ ಆಸೆಯಿದೆ ಎಂದೆ. ಕಾಫಿಯಲ್ಲಿ ವಿಷ ಬೆರೆತರೆ ರುಚಿ ತಿಳಿಯುತ್ತದೋ ಇಲ್ಲವೋ ಎಂಬ ನನ್ನ ಬಹುಕಾಲದ ಸಂಶಯವನ್ನೂ ವಿವರಿಸಿದೆ. ಆ ಹೆಣ್ಣುಮಗಳು ಬಹಳ ವಿನಯದಿಂದ, ತಮ್ಮ ಉದ್ಯೋಗವೇನು ಎಂದು ಕೇಳಿದಳು. ಕೆಮಿಕಲ್ ಫ್ಯಾಕ್ಟರಿಯ ಸ್ಟೋರು, ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ ಎಂದು ಹೆಮ್ಮೆಯಿಂದ ಹೇಳಿದೆ.

ಸುವರ್ಣಾಳಿಗೆ ವೀಸಾ ಬಂತು, ನನಗೆ ಬರಲಿಲ್ಲ. ವಿಮಾನ ತಪ್ಪಿತೆಂದು ಮೊದಲ ಕ್ಷಣ ಜೀವ ಹಗುರಾಯಿತು, ಮರುಕ್ಷಣ ಕಪಾಟಿನಲ್ಲಿ ಒಟ್ಟಿದ್ದ ಆಯೇರಿ ಕಣ್ಣಿಗೆ ಬಿತ್ತು. ಸುವರ್ಣಾ ತಾನೂ ಹೋಗುವುದಿಲ್ಲ ಎಂದು ಶೂ ಬಿಚ್ಚಿ ಮೂಲೆಗಿಟ್ಟಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ ಬಡಿಯುತ್ತ ತಟಕ್ಕನೆ ಕೈ ನಿಲ್ಲಿಸಿ ಅಂದಳು:

“ಆಯೇರಿ ಇಬ್ಬರೂ ತೊಗೊಂಡೀವಿ. ಒಬ್ಬರರೆ ಹೋಗಬೇಕಲ್ರಿ.”

ಹೋಗು ಎಂದೆ, ಮನಸಾರೆಯೇ ಎಂದೆ. ಆದರೆ ನನ್ನ ಮರ್ಯಾದೆಯ ಗತಿ? ವೀಸಾ ಸಿಗಲಿಲ್ಲವೆಂದರೆ ಯಾಕೆ ಸಿಗಲಿಲ್ಲ ಎಂದು ಕೇಳುತ್ತಾರೆ. ಏನು ಹೇಳಲಿ, ಹೆಣ ಸಾಗಿಸುವ ವಿಚಾರ ಮಾತಾಡಿದೆ ಎನ್ನಲೇ? ಆಗ ನನ್ನ ಓದು ಕೆಲಸಕ್ಕೆ ಬಂತು. ಊರವರ ಕಣ್ಣ ಮುಂದೆ ಇಬ್ಬರೂ ಹೊರಡುವುದು, ಅವಳನ್ನು ಹೈದರಾಬಾದಿನಲ್ಲಿ ವಿಮಾನಕ್ಕೆ ಬಿಟ್ಟು ನಾನು ಗುಟ್ಟಾಗಿ ವಾಪಸು ಬಂದು, ಅವಳು ಬರುವ ತನಕ ಮನೆಯೊಳಗೆ ಅಡಗಿರುವುದು. ಸುವರ್ಣಾ ಹೂಂ ಅಂದಳು. ಊರವರು ಹಾರ ಹಾಕಿ ಕಳಿಸಿದರು. ಮರುದಿನ ಉರಿಬಿಸಿಲಿನಲ್ಲಿ, ಗಲ್ಲಿಯೆಲ್ಲ ಉಂಡು ಅಡ್ಡಾದ ಹೊತ್ತಿಗೆ, ಮುಖಕ್ಕೆ ಟವೆಲ್ ಸುತ್ತಿಕೊಂಡು ಹಿತ್ತಲ ಬಾಗಿಲಿನಿಂದ ನನ್ನ ಮನೆಗೆ ನಾನೇ ಕಳ್ಳನ ಹಾಗೆ ನುಗ್ಗಿದೆ. ಶಾಂತಕ್ಕನ ಮನೆಯಲ್ಲಿ ಯಾರೋ ಕೆಮ್ಮಿದರು, ಅಷ್ಟೇ.

ಮುಂದಿನ ದಿನಗಳಲ್ಲಿ ನಾನು ತೋರಿಸಿದ ಜಾಣತನಕ್ಕೆ ಸಾಕ್ಷಿಗಳಿಲ್ಲದ್ದೇ ದುಃಖ. ದೀಪ ಹಚ್ಚಲಿಲ್ಲ, ಫ್ಯಾನನ್ನು ಒಂದರಲ್ಲೇ ಇಟ್ಟೆ, ಸೀನು ಬಂದರೆ ದಿಂಬಿನೊಳಗೆ ಸೀನಿದೆ. ಸುವರ್ಣಾ ಕಟಕ ರೊಟ್ಟಿ, ಶೇಂಗಾ ಹಿಂಡಿ ಇಟ್ಟು ಹೋಗಿದ್ದಳು, ಬರೀ ಅದನ್ನೇ ತಿಂದು ಹಲ್ಲು ನೋಯತೊಡಗಿದವು. ಆಗ ದೇವರು ಕಣ್ಣು ಬಿಟ್ಟ. ಮಧ್ಯಾಹ್ನವಾದರೆ ಶಾಂತಕ್ಕ ನಮ್ಮ ಹಿತ್ತಲ ಗೋಡೆಯ ಮೇಲೆ ಒಂದು ತಾಟು ಇಟ್ಟು, ಬೆಕ್ಕಿಗೆ ಇಟ್ಟೀನಿ ಎಂದು ಜೋರಾಗಿ ಹೇಳಿ ಒಳಗೆ ಹೋಗುತ್ತಿದ್ದರು. ನಾನು ತೆವಳಿಕೊಂಡು ಹೋಗಿ ಎತ್ತಿಕೊಳ್ಳುತ್ತಿದ್ದೆ. ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ, ಹೆಚ್ಚಿದ ಉಳ್ಳಾಗಡ್ಡಿ, ಒಂದು ದಿನ ಮೇಲೆ ಲಿಂಬೆಹಣ್ಣಿನ ಹೋಳು. ನಮ್ಮ ಊರಿನ ಬೆಕ್ಕುಗಳು ಎಷ್ಟು ಖಾರ ತಿನ್ನುತ್ತವಲ್ಲ ಎಂದು ಬೆರಗಾದೆ. ಮೂಕಪ್ರಾಣಿಯ ತುತ್ತು ಕಸಿಯುತ್ತಿದ್ದೇನೆಂದು ಕರುಳು ಚುರುಕ್ ಎನ್ನುತ್ತಿತ್ತು. ತಾಟನ್ನು ಬೆಕ್ಕು ನೆಕ್ಕಿದ ಹಾಗೆ ಕಾಣಿಸಲೆಂದು ಚೊಕ್ಕವಾಗಿ ಒರೆಸಿ ಗೋಡೆಯ ಮೇಲಿಡುತ್ತಿದ್ದೆ. ಉಂಡ ಮೇಲೆ ಇಟಲಿಯ ಕಾದಂಬರಿ ಹಿಡಿದು ಆ ಊರುಗಳ ಗಲ್ಲಿ, ಸೇತುವೆ, ಹೋಟೆಲುಗಳನ್ನೆಲ್ಲ ಬಾಯಿಪಾಠ ಮಾಡಿದೆ, ನಾಳೆ ಊರವರು ಕೇಳಿದರೆ ಹೇಳಬೇಕಲ್ಲ. ಸುವರ್ಣಾಳ ಸುದ್ದಿ ಮೊಬೈಲಿನಲ್ಲಿ ಬರುತ್ತಿತ್ತು. ಒಂದು ಫೋಟೋದಲ್ಲಿ ಅವಳು ನೀರಿನ ದಂಡೆಯಲ್ಲಿ, ಮುಂದೆ ತಾಟಿಟ್ಟುಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಅವಳು ಬರುವ ದಿನ ಮತ್ತೆ ಟವೆಲ್ ಸುತ್ತಿಕೊಂಡು ಹೈದರಾಬಾದಿಗೆ ಹೋಗಿ, ಜೊತೆಯಾಗಿ ಊರಿಗೆ ಬಂದೆವು. ಮನೆ ತುಂಬ ಜನ. ಸುವರ್ಣಾ ಅಲ್ಲಿಂದ ತಂದ ಚಾಕಲೇಟನ್ನು ಎಲ್ಲರಿಗೂ ಹಂಚಿದಳು, ಶರಣಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ನಾನು ಕೋಟು ತೊಟ್ಟು ನಡುವೆ ಕೂತು ಇಟಲಿಯನ್ನು ವರ್ಣಿಸತೊಡಗಿದೆ. ದೋಣಿ, ಸೇತುವೆ, ಬೀಸುವ ಗಾಳಿ, ಮೀನಿನ ವಾಸನೆ ಒಂದನ್ನೂ ಬಿಡಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ಬಹಳ ಶ್ರದ್ಧೆಯಿಂದ ಕೇಳಿದರು. ಯೂಸುಫ್ ಭಾಯಿ ಮಾತ್ರ ಒಮ್ಮೆ, ಅಲ್ಲಿ ಬೆಕ್ಕು ಬಹಳವಂತಲ್ಲ ಎಂದು ಕೇಳಿದ. ರೋಮಿನಲ್ಲಿ ಎಲ್ಲಿ ನೋಡಿದರೂ ಬೆಕ್ಕೇ ಎಂದೆ. ಶಾಂತಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಎದ್ದು ಒಳಗೆ ಹೋದರು.

ಎಲ್ಲರೂ ಹೋದ ಮೇಲೆ, ನೋಡಿದೆಯಾ, ಒಬ್ಬರಿಗಾದರೂ ಸಂಶಯ ಬಂತೇ ಎಂದು ಸುವರ್ಣಾಳನ್ನು ಕೇಳಿದೆ. ಅವಳು ಶೂ ಒರೆಸುತ್ತಿದ್ದಳು.

“ಬೆಕ್ಕಿಗೆ ಯಾರರೆ ಉಳ್ಳಾಗಡ್ಡಿ ಹೆಚ್ಚಿ ಇಡ್ತಾರೇನ್ರಿ? ನಾನು ಹೋಗೂ ಮುಂದ ಶಾಂತಕ್ಕಗ ಹೇಳೇ ಹೋಗಿದ್ದೆ. ಗಲ್ಲಿಗೆಲ್ಲ ಗೊತ್ತಿತ್ತು. ನಿಮಗ ಗೊತ್ತಿಲ್ಲ ಅನ್ನೂದೂ ಗೊತ್ತಿತ್ತು.”

ನಾನು ಕೋಟು ಬಿಚ್ಚಿದೆ. ಹಾಗಾದರೆ ಇಷ್ಟು ಹೊತ್ತು ಯಾಕೆ ಕೇಳುತ್ತ ಕೂತರು ಎಂದೆ. ನೀವು ಚಂದ ಹೇಳುತ್ತೀರಿ, ನನ್ನನ್ನು ಕೇಳಿದ್ದರೆ ಕಾಲು ನೋಯ್ತು ಅಂತ ಇಷ್ಟೇ ಹೇಳುತ್ತಿದ್ದೆ ಎಂದಳು. ಒಂದು ಶೂ ಮುಗಿಸಿ ಇನ್ನೊಂದನ್ನು ಎತ್ತಿಕೊಂಡು, ಬಹಳ ಪ್ರೀತಿಯಿಂದ ನನ್ನ ಕಡೆ ತಿರುಗಿದಳು.

“ಟೂರಿನವರು ಮುಂದಿನ ವರ್ಷ ಗ್ರೀಸ್ ದೇಶಕ್ಕ ಹೊಂಟಾರಂತ್ರಿ. ನೀವು ಅಲ್ಲೀ ಖೂನಿ ಪುಸ್ತಕ ಈಗಿಂದನ ಓದಾಕ ಸುರು ಮಾಡ್ರಿ.”

ಸುರು ಮಾಡಿದ್ದೇನೆ. ನಿನ್ನೆ ರಾಜೇಶ್ವರ ದಾಟುವಾಗ ಎರಡನೆಯ ಹೆಣ ಬಿತ್ತು. ಕ್ಯಾಂಟೀನಿನಲ್ಲಿ ಯೂಸುಫ್ ಭಾಯಿ, ಈ ಸಲ ಯಾವ ಬಣ್ಣದ ಕೋಟು ಎಂದು ಕೇಳುತ್ತಿದ್ದಾನೆ.