ನೈವೇದ್ಯಕ್ಕೆ ಬಂದ ಫ್ರೆಂಚ್ ಟೋಸ್ಟ್

ಗೋಧಿ ಬೆಳೆದ ನೆಲಕ್ಕೂ, ಹಾಲು ಕೊಟ್ಟ ಹಸುವಿಗೂ, ಒಲೆಯಲ್ಲಿ ನೆಲೆಸಿ ಬೇಯಿಸಿಕೊಡುವ ಅಗ್ನಿಗೂ, ಇವೆಲ್ಲವನ್ನೂ ನಡೆಸುವ ಸ್ವಾಮಿಗೂ ಮೊದಲು ಕೈಮುಗಿಯುತ್ತೇನೆ. ಉಣ್ಣುವ ಭಾಗ್ಯವೇ ದೊಡ್ಡದು. ಏನನ್ನು, ಯಾವಾಗ ಎಂದು ಕೇಳುವುದು ಸಲ್ಲದು. ಹೀಗೆಂದು ಇತರರಿಗೆ ಬಹುಕಾಲ ಉಪದೇಶಿಸಿದ್ದೇನೆ. ಆದರೆ ಭಾನುವಾರದ ಬ್ರಂಚ್ ಎಂಬ ಏರ್ಪಾಡು ನನ್ನ ತಾಳ್ಮೆಯನ್ನು ಅರೆದುಬಿಟ್ಟಿದೆ. ತಿಂಡಿಯ ಹೊತ್ತಿಗೆ ತಿಂಡಿಯಿಲ್ಲ, ಊಟದ ಹೊತ್ತಿಗೆ ಹಸಿವಿಲ್ಲ. ನಡುವೆ ಎಲ್ಲಿಯೋ ಒಂದು ತಟ್ಟೆ ಬರುತ್ತದೆ.

ಕಳೆದ ಭಾನುವಾರ ಸೊಸೆ ಮಮತಾ ಹೂರಣ ತುಂಬಿದ ಫ್ರೆಂಚ್ ಟೋಸ್ಟ್ ಮಾಡಲು ಹೊರಟಳು. ದೋಣಿಗಲ್ಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿರುವ ಅವಳ ಅಣ್ಣ ಸುರೇಶ ಹೆಂಡತಿಯೊಡನೆ ಬರುವವನಿದ್ದ. ತಂಗಿಗೆ ನೀರು ಕಾಯಿಸುವುದೂ ಬಾರದೆಂದು ಅವಳ ಮದುವೆಯ ಮನೆಯಲ್ಲಿಯೇ ಎಲ್ಲರೆದುರು ನಕ್ಕವನು. ಅವನಿಂದ ಒಮ್ಮೆಯಾದರೂ ಹೊಗಳಿಸಿಕೊಳ್ಳಬೇಕೆಂಬುದು ಅವಳ ಹಟ. ಅದು ನನಗೂ ನ್ಯಾಯವೆನಿಸಿತ್ತು. ಬಾಳ್ಳುಪೇಟೆಯ ಬೇಕರಿಯಿಂದ ದಪ್ಪಗೆ ಕೊಯ್ಯಿಸಿದ ಬ್ರೆಡ್ ಬಂತು. ನಮ್ಮ ಅಡುಗೆಮನೆಗೆ ಮೊಟ್ಟೆ ಬಾರದು; ಆದುದರಿಂದ ಬ್ರೆಡ್ ಅದ್ದಿ ಬೇಯಿಸಲು ಹಾಲಿಗೆ ಕಸ್ಟರ್ಡ್ ಪುಡಿ ಕಲಸಿದಳು. ಬ್ರೆಡ್ಡಿನ ಒಡಲು ಸೀಳಿ, ಬೆಲ್ಲದಲ್ಲಿ ಬಾಡಿಸಿದ ಬಾಳೆಹಣ್ಣನ್ನೂ ಕಾಯಿತುರಿಯನ್ನೂ ತುಂಬಿದಳು.

"ಮಾವ, ಇದನ್ನ ತವಾದಿಂದ ಇಳಿಸಿದ ಕೂಡ್ಲೆ ತಿನ್ಬೇಕು. ಆರಿದ್ರೆ ಮೆತ್ತಗಾಗ್ಬಿಡುತ್ತೆ. ಪೂಜೆ ಸ್ವಲ್ಪ ಬೇಗ ಮುಗಿಸ್ತೀರಾ?"

"ಆಗಲಮ್ಮ" ಎಂದೆ. ನಮ್ಮಲ್ಲಿ ದೇವರಿಗೆ ಅರ್ಪಿಸದೆ ಯಾರೂ ಬಾಯಿಗಿಡುವುದಿಲ್ಲ. ನೈವೇದ್ಯದ ಗಂಟೆ ಕೇಳಿದರೆ ಬಡಿಸುವುದು, ಮಂಗಳಾರತಿಯಾದ ಮೇಲೆ ತಿನ್ನುವುದು. ಇದು ಮನೆಯ ಕ್ರಮ.

ಮೊದಲ ತುಂಡು ದೇವರ ಮುಂದೆ ಬಂದಾಗ ನಾನಿನ್ನೂ ಅರ್ಚನೆಯಲ್ಲಿದ್ದೆ. ಅಷ್ಟರಲ್ಲಿ ಬೀಗರು ಬಂದರು. ಘಾಟಿಯ ಲಾರಿಗಳ ಕಥೆಯನ್ನು ಸುರೇಶ ಲಾರಿಯಷ್ಟೇ ಸದ್ದಿನಲ್ಲಿ ಹೇಳತೊಡಗಿದ. ನನ್ನಾಕೆ ಶಾರದೆ ಬಾಗಿಲಲ್ಲಿ ನಿಂತು, "ದೇವ್ರು ಎಲ್ಲೂ ಹೋಗಲ್ಲ ಕಣ್ರೀ, ಬೀಗ್ರು ಹೋಗ್ತಾರೆ" ಎಂದಳು. ಪೂಜೆಯ ನಡುವೆ ನಾನು ಮಾತಾಡುವವನಲ್ಲ. ರೇಗಿಹೋಗಿ, ಸುಮ್ಮನಿರಿ ಎನ್ನುವಂತೆ ಗಂಟೆಯನ್ನು ಜೋರಾಗಿ ಅಲ್ಲಾಡಿಸಿದೆ. ಕೂಡಲೇ ಮೌನ ನೆಲೆಸಿತು. ಸಂತೃಪ್ತನಾಗಿ, ಉಳಿದ ಅರ್ಚನೆಯನ್ನು ಒಂದೊಂದೇ ಹೂವೇರಿಸಿ ಸಾವಧಾನವಾಗಿ ಮುಗಿಸಿದೆ.

ನೈವೇದ್ಯ, ಮಂಗಳಾರತಿ ಮುಗಿಸಿ ಆರತಿ ಹಿಡಿದು ಹೊರಬಂದರೆ, ಎಲ್ಲರೂ ಬಡಿಸಿದ ತಟ್ಟೆಗಳ ಮುಂದೆ ಕೈಕಟ್ಟಿ ಕುಳಿತಿದ್ದಾರೆ. ನನ್ನ ಗಂಟೆಯನ್ನು ನೈವೇದ್ಯದ್ದೆಂದು ನಂಬಿ ಮಮತಾ ಒಂದಿಷ್ಟು ಬ್ರೆಡ್ಡನ್ನು ಬೇಯಿಸಿ ಬಡಿಸಿಬಿಟ್ಟಿದ್ದಳು. ಟೋಸ್ಟುಗಳು ತಟ್ಟೆಯಲ್ಲಿ ಮೈಚೆಲ್ಲಿ ಮಲಗಿದ್ದವು.

ಸುರೇಶ ಬೆರಳಿನಿಂದ ಒತ್ತಿ ನೋಡಿದ. "ಲೇ ಮಮತಾ, ಇದು ತಿನ್ನಾದಾ, ಕುಡಿಯಾದಾ?"

ಅವಳ ಕಣ್ಣು ತುಂಬಿತು. "ಆ ಗಂಟೆ ನೈವೇದ್ಯದ್ದಲ್ಲ, ನಿಮ್ಮ ಗಲಾಟೆಗೆ ಬಾರಿಸಿದ್ದು" ಎಂದೆ. ಯಾರೂ ನನ್ನ ಪರ ವಹಿಸಲಿಲ್ಲ. ಶಾರದೆ ತಟ್ಟೆಗಳನ್ನು ಎತ್ತಿಕೊಂಡು, "ಬ್ರೆಡ್ ಇನ್ನೂ ಇದೆಯಲ್ಲೇ, ಹಾಕು. ನೀನೂ ಬಾರಪ್ಪ ಸುರೇಶ, ಒಲೆ ಹತ್ರಾನೇ ನಿಂತ್ಕೊ" ಎಂದಳು.

ತವಾದಿಂದ ಇಳಿದದ್ದನ್ನು ಸುರೇಶ ನಾಲಗೆ ಸುಟ್ಟುಕೊಂಡು ತಿಂದ. ಮಾತಿಲ್ಲದೆ ತಟ್ಟೆ ಚಾಚಿದ.

"ಬಾಯ್ಬಿಟ್ಟು ಕೇಳಣ್ಣ."

"ಬಲು ಚೆನ್ನಾಗೈತೆ ಕಣಮ್ಮ. ಇನ್ನೊಂದು ಹಾಕು ತಾಯಿ."

ನಾನೂ ತಟ್ಟೆ ಹಿಡಿದು ಹೋದೆ. ಶಾರದೆ ಆ ಮೆತ್ತಗಾದ ರಾಶಿಯನ್ನೆಲ್ಲ ನನಗೇ ಬಡಿಸಿದಳು. "ನೈವೇದ್ಯ ಆದ್ಮೇಲೆ ಎಲ್ಲಾ ಪ್ರಸಾದವೇ, ಬಿಡಬಾರ್ದು ಅಂತ ನೀವೇ ಅಲ್ವಾ ಹೇಳೋದು? ಕೂತ್ಕೊಂಡು ತಿನ್ನಿ."

ಮಾಡಿದವಳಿಗೂ, ಕೇಳಿ ತಿಂದವನಿಗೂ, ತುಟಿಪಿಟಕ್ಕೆನ್ನದೆ ಕಾದ ಅವನ ಹೆಂಡತಿಗೂ, ಶಾಸ್ತ್ರವನ್ನು ನನ್ನಿಂದ ಕಲಿತು ನನ್ನ ಮೇಲೆಯೇ ಪ್ರಯೋಗಿಸಿದ ಶಾರದೆಗೂ ಸ್ವಾಮಿಯು ಆಯುರಾರೋಗ್ಯವನ್ನು ಕರುಣಿಸಲಿ. ನನಗೆ, ಸದ್ಯಕ್ಕೆ, ಜೀರ್ಣಶಕ್ತಿಯನ್ನು ಕೊಟ್ಟರೆ ಸಾಕು.