ಗಡಿಯಾರದ ಪಕ್ಕದ ಹಳದಿ ಗುರಾಣಿ

ಕೇಳಿದವರು ನಗಬಹುದು. 'ಈಗ' ಮತ್ತು 'ಆಮೇಲೆ' ಎಂಬ ಎರಡು ಗುಂಡಿಗಳನ್ನು ಅಕ್ಕಪಕ್ಕ ಇಟ್ಟು, ಒಂದನ್ನು ಒತ್ತು ಎಂದರೆ ನನಗೆ ಅಂಗೈ ಬೆವರುತ್ತದೆ. ಇದಕ್ಕೆ ನನ್ನ ಕಸುಬೂ ಕಾರಣ ಎನ್ನಿ. ದಿಲ್ಲಿಯ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಡತ ನೋಡುತ್ತಿರುವವನು ನಾನು. ಕಡತ ಮೇಜಿಗೆ ಬಂತೆನ್ನಿ, 'ದಯವಿಟ್ಟು ಚರ್ಚಿಸಿ' ಎಂದು ಬರೆದು ಮೇಲಕ್ಕೋ ಕೆಳಕ್ಕೋ ಕಳಿಸಿಬಿಟ್ಟರೆ ಆ ದಿನದ ಮಟ್ಟಿಗೆ ನೆಮ್ಮದಿ. ಅದು ಸುತ್ತಾಡಿ ಮರಳುವಷ್ಟರಲ್ಲಿ ಎಷ್ಟೋ ಸಲ ಸಮಸ್ಯೆಯೇ ನಿವೃತ್ತಿಯಾಗಿರುತ್ತದೆ. ಆದರೆ ರೋಹಿಣಿ ಬಡಾವಣೆಯ ನಮ್ಮ ಮನೆಯ ಕಂಪ್ಯೂಟರಿನ ಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ, ಪುಟ್ಟದೊಂದು ಹಳದಿ ಗುರಾಣಿ ಕಾಣಿಸಿಕೊಂಡು 'ಹೊಸ ಅಪ್‌ಡೇಟ್ ಬಂದಿದೆ, ಈಗ ಹಾಕಲೋ ಆಮೇಲೆ ಹಾಕಲೋ' ಎಂದು ಕೇಳತೊಡಗಿದಾಗ, ಅದನ್ನು ಕಳಿಸೋಣವೆಂದರೆ ನನ್ನ ಮೇಲೆ ಯಾರೂ ಇರಲಿಲ್ಲ.

ನನ್ನ ಹೆದರಿಕೆಗೆ ಮೂಲ ಅಮ್ಮನ ಹಾಡುಗಳು. ಅಮ್ಮ ತಿಪಟೂರಿನ ಕಚೇರಿಯೊಂದರಲ್ಲಿ ಕನ್ನಡ ಬೆರಳಚ್ಚುಗಾರ್ತಿಯಾಗಿದ್ದವಳು. ಎರಡು ವರ್ಷದ ಹಿಂದೆ ನಮ್ಮ ಜೊತೆ ಇರಲು ಬಂದಳು. ನಾನು, ನನ್ನ ಹೆಂಡತಿ ಕಚೇರಿಗೆ, ಮಗಳು ಅನು ಶಾಲೆಗೆ ಹೋದರೆ ಹಗಲೆಲ್ಲ ಒಬ್ಬಳೇ. ಹೊತ್ತು ಹೋಗಲಿ ಎಂದು, ಹಳೆಯ ಟೈಪ್‌ರೈಟರಿನ ಕ್ರಮದಲ್ಲೇ ಕನ್ನಡ ಮೂಡಿಸುವ ತಂತ್ರಾಂಶವೊಂದನ್ನು ಕಂಪ್ಯೂಟರಿಗೆ ಹಾಕಿಸಿಕೊಟ್ಟೆ. ಅಮ್ಮ ತನ್ನ ಅಜ್ಜಿ ಹೇಳುತ್ತಿದ್ದ ಮದುವೆ ಹಾಡುಗಳನ್ನು ಹೊಡೆಯಲು ಕೂತಳು. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಬೀಗರ ಮಾನ ಕಳೆಯುವ ಹಾಡು. "ಬಾಯಲ್ಲಿ ಹೇಳು ಅಂದ್ರೆ ಬರಲ್ಲ ಕಣೋ, ಬೆರಳು ಓಡ್ತಾ ಇದ್ರೆ ಸಾಲು ತಾನಾಗೇ ಬರುತ್ತೆ" ಎನ್ನುತ್ತಿದ್ದಳು. ಆ ಬರುವುದೂ ಕಡಿಮೆಯಾಗುತ್ತಿತ್ತು. ಚಳಿಗಾಲದಲ್ಲಿ ಹೊಡೆದ ಹಾಡನ್ನು ಹೋಳಿಯ ಹೊತ್ತಿಗೆ ತೋರಿಸಿದರೆ, "ಇದು ನಾನೇ ಬರೆದದ್ದಾ?" ಎಂದು ಕೇಳಿದಳು. ಆ ಹಾಡುಗಳು ಇನ್ನೆಲ್ಲೂ ಇಲ್ಲ. ಫ್ಲಾಪಿಗೆ ಇಳಿಸಿದ್ದೆ, ನಿಜ. ಆದರೆ ಆ ತಂತ್ರಾಂಶವಿಲ್ಲದೆ ಅದು ತೆರೆಯುವುದಿಲ್ಲ. ಎಲ್ಲವನ್ನೂ ಕಾಗದದ ಮೇಲೆ ಮುದ್ರಿಸಿ ಇಟ್ಟುಬಿಡಬೇಕೆಂಬ ವಿಷಯವೂ ನನ್ನ ಪರಿಶೀಲನೆಯಲ್ಲಿತ್ತು.

ಫರೀದಾಬಾದಿನ ಗೆಳೆಯ ವೆಂಕಟೇಶ ಫೋನು ಮಾಡಿದ್ದು ಆಗಲೇ. "ಅಪ್‌ಡೇಟ್ ಹಾಕ್ಬಿಟ್ಟೆ ಮಾರಾಯ, ಮಗಳ ನಾಮಕರಣದ ಕರೆಯೋಲೆ ಪೂರ್ತಿ ಡಬ್ಬಿ ಡಬ್ಬಿ! ಒಂದು ಅಕ್ಷರ ಕಾಣಲ್ಲ!" ಎಂದ. ಹಾಗಾದರೆ ಹಾಕುವುದೇ ಬೇಡ ಎಂದು ತೀರ್ಮಾನಿಸಿ ಎರಡು ದಿನ ಹಾಯಾಗಿದ್ದೆ. ಮೂರನೆಯ ದಿನ ನಮ್ಮ ಕಚೇರಿಯ ಪಕ್ಕದ ವಿಭಾಗದಲ್ಲಿ, ಅಪ್‌ಡೇಟ್ ಹಾಕದೆ ಬಿಟ್ಟ ಯಂತ್ರಕ್ಕೆ ವೈರಸ್ ಹೊಕ್ಕಿತು. ಅದು ಅರವತ್ತರಿಂದ ಹಿಂದಕ್ಕೆ ಎಣಿಸಿ ತನ್ನಷ್ಟಕ್ಕೆ ಆರಿಹೋಗುತ್ತಿತ್ತು. ಹೊತ್ತಿಸಿದರೆ ಮತ್ತೆ ಎಣಿಕೆ. ಹಾಕಿದರೆ ಡಬ್ಬಿ, ಹಾಕದಿದ್ದರೆ ಎಣಿಕೆ. ನನ್ನ ನಿದ್ದೆ ಹಾರಿತು.

ಕೊನೆಗೆ ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದೆ. ಒಂದು ಕಡತ ತೆರೆದೆ. ವಿಷಯ: ಗೃಹ ಗಣಕಯಂತ್ರಕ್ಕೆ ಅಪ್‌ಡೇಟ್ ಅಳವಡಿಸುವ ಕುರಿತು. ಪರ, ವಿರೋಧ ಬರೆದೆ. ಪಿತೃಪಕ್ಷದಲ್ಲಿ ಬೇಡ ಎಂದು ಬರೆದೆ. ದೀಪಾವಳಿಗೆ ಕರೆಂಟು ಹೋಗಿ ಅರ್ಧಕ್ಕೆ ನಿಂತರೆ? ಆಗ ಬೇಡ. ಅನುವಿನ ಪರೀಕ್ಷೆ ಮುಗಿಯಲಿ. ಪ್ರತಿ ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು, ಗುರಾಣಿಯನ್ನು ನೋಡಿ, 'ಆಮೇಲೆ' ಒತ್ತಿ, ಕಡತದಲ್ಲಿ ದಿನಾಂಕ ನಮೂದಿಸಿ ಏಳುತ್ತಿದ್ದೆ. ಅನು ನೋಡಿ ನೋಡಿ, "ಪಪ್ಪಾ, ಕರ್ ದೋ ನಾ! ಇಟ್ಸ್ ಜಸ್ಟ್ ಎ ಕ್ಲಿಕ್. ಇಷ್ಟು ಭಯ ಯಾಕೆ ನಿಮಗೆ?" ಎಂದು ಮೂರು ಭಾಷೆಯಲ್ಲಿ ಮಾನ ಕಳೆದಳು. ಹೀಗೆ ಎಂಟು ತಿಂಗಳು.

ಇನ್ನು ತಡೆಯಲಾರದೆ, ನಮಗೆ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ ಲಕ್ಷ್ಮೀ ನಗರದ ರಾಜೀವ್ ಭಯ್ಯಾನ ಅಂಗಡಿಗೆ ಒಂದು ಶನಿವಾರ ಹೋದೆ. ಕಡತವನ್ನೂ ಒಯ್ದಿದ್ದೆ, ಅದನ್ನವನು ಓದಲಿಲ್ಲ. "ಅರೇ ಸರ್‌ಜೀ, ಹೋಳಿಯಾದ ಮೇಲೇ ನಿಮ್ಮ ಮನೆಗೆ ಫೋನ್ ಮಾಡಿದ್ದೆನಲ್ಲ!" ಎಂದು ಹಿಂದಿಯಲ್ಲಿ ಅಚ್ಚರಿಪಟ್ಟ. "ಮಾತಾಜಿ ಎತ್ತಿದರು. ಕನ್ನಡದ ಕೆಲಸ ಇದೆ ಅಂದಿರಲ್ಲ, ಅದಕ್ಕೇ ಎರಡೆರಡು ಸಲ ಹೇಳಿದೆ: ಮಾತಾಜಿ, ಅಪ್‌ಡೇಟ್ ಮತ್ ಕರ್ನಾ, ಮತ್ ಕರ್ನಾ. ಅಚ್ಛಾ ಅಚ್ಛಾ ಅಂದರು."

ಅಮ್ಮ ನನಗೆ ಈ ವಿಷಯ ಹೇಳಿರಲಿಲ್ಲ. ಮರೆತಿರಬೇಕು, ಪಾಪ. ಏನೇ ಆಗಲಿ, ಬಲ್ಲವನೇ ಬೇಡ ಎಂದಿದ್ದಾನೆ. ನನ್ನ 'ಆಮೇಲೆ'ಗೆ ಅಧಿಕೃತ ಮುದ್ರೆ ಬಿತ್ತು ಎಂದು ಎದೆಯುಬ್ಬಿಸಿ ಮನೆಗೆ ಬಂದೆ. ಅಮ್ಮ ಬಾಲ್ಕನಿಯಲ್ಲಿ ಬಿಸಿಲು ಕಾಯಿಸುತ್ತಿದ್ದಳು.

"ಅಮ್ಮ, ಕಂಪ್ಯೂಟರ್ ಅಂಗಡಿಯವನು ಫೋನ್ ಮಾಡಿದ್ನಂತೆ?"

"ಹೂಂ, ಯಾವಾಗಲೋ ಮಾಡಿದ್ದ. ಒಳ್ಳೇ ಹುಡುಗ. ಅಪ್‌ಡೇಟು ಮತ್ತೆ ಮಾಡಿ, ಮತ್ತೆ ಮಾಡಿ ಅಂತ ಒತ್ತಿ ಒತ್ತಿ ಹೇಳಿದ. ಕರ್ನಾ ಅಂದ್ರೆ ಮಾಡೋದು ಅಂತ ನಂಗೊತ್ತಿಲ್ವಾ? ಅವತ್ತಿಂದ ಆ ಹಳದೀದು ಬಂದಾಗೆಲ್ಲ ಮಾಡ್ತಾನೇ ಇದೀನಿ. ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ಬರುತ್ತೆ. ಅದಕ್ಕೇ ಇರಬೇಕು ಮತ್ತೆ ಮತ್ತೆ ಅಂದಿದ್ದು."

ಹಿಂದಿಯ 'ಮತ್' ಎಂದರೆ ಬೇಡ. ನಮ್ಮಮ್ಮನ ಕಿವಿಯಲ್ಲಿ ಅದು 'ಮತ್ತೆ' ಆಗಿತ್ತು. ನಾನು ಎಂಟು ತಿಂಗಳು ಕಾವಲು ಕೂತಿದ್ದು ಒಂದೇ ಗುರಾಣಿಗಲ್ಲ. ಪ್ರತಿ ಭಾನುವಾರ ನಾನು ಮುಂದೂಡಿದ್ದನ್ನು ಸೋಮವಾರ ಅಮ್ಮ ವಿಲೇವಾರಿ ಮಾಡುತ್ತಿದ್ದಳು! ಒಳಗೋಡಿ ಕಂಪ್ಯೂಟರ್ ಹೊತ್ತಿಸಿದೆ. ಅಮ್ಮನ ಹಾಡಿನ ಕಡತದ ಮೇಲೆ ಮೌಸ್ ಒತ್ತಿದೆ. ಡಬ್ಬಿಗಳೇ ಬರುತ್ತವೆ ಎಂದು ಕಣ್ಣು ಮುಚ್ಚಿಕೊಂಡೆ. ಬಿಟ್ಟು ನೋಡಿದರೆ ತೆರೆಯ ತುಂಬ ಬೀಗರ ಹಾಡು, ಒತ್ತಕ್ಷರ ಸಮೇತ ಗುಂಡಗೆ ಕೂತಿತ್ತು. ವೆಂಕಟೇಶನ ಡಬ್ಬಿಗಳಿಗೆ ಕಾರಣ ಬೇರೇನೋ ಇದ್ದಿರಬೇಕು. ಗಂಡಿನ ಕಡೆಯವರ ಹೊಟ್ಟೆಬಾಕತನದ ಆ ಸಾಲುಗಳನ್ನು ಓದುತ್ತ ನನಗೆ ಅಳು ಬಂತು. ಅನು ಹಿಂದೆ ನಿಂತು, "ದಾದೀ, ಪಪ್ಪಾ ರೋ ರಹೇ ಹೈಂ!" ಎಂದು ಕೂಗಿದಳು.

ಮರುದಿನವೇ ಅಷ್ಟನ್ನೂ ಮುದ್ರಿಸಿ ತಂದೆ. ಉಳಿದದ್ದು ಒಂದೇ: ಅಮ್ಮನಿಗೆ ಆ ಪದದ ನಿಜವಾದ ಅರ್ಥ ಹೇಳುವುದು. ಹೇಳಿದರೆ ನೊಂದುಕೊಂಡು ಕಂಪ್ಯೂಟರ್ ಮುಟ್ಟುವುದನ್ನೇ ಬಿಟ್ಟಾಳು; ಹಾಡು ನಿಂತೀತು. ಹೋದ ವಾರ ಇನ್ನೇನು ಬಾಯಿಬಿಡಬೇಕು, ಅಷ್ಟರಲ್ಲಿ ಅಮ್ಮ ತರಕಾರಿ ಚೀಲ ಹಿಡಿದು ಸಿಡಿಮಿಡಿಗುಟ್ಟುತ್ತ ಒಳಗೆ ಬಂದಳು. "ಏನು ಜಿಪುಣನೋ ಆ ತರಕಾರಿ ಭಯ್ಯಾ! ಸ್ವಲ್ಪ ಕೊತ್ತಂಬರಿ ಹಾಕಿದ್ದ. ಭಯ್ಯಾ, ಧನಿಯಾ ಮತ್ ದೇನಾ, ಮತ್ ದೇನಾ ಅಂತ ಇನ್ನೊಂಚೂರಿಗೆ ಎಷ್ಟು ಮರ್ಯಾದೆಯಿಂದ ಕೇಳಿದೆ ಗೊತ್ತಾ? ಹಾಕಿದ್ದನ್ನೂ ಎತ್ತಿಟ್ಟುಕೊಂಡ!"

"ಹೌದಮ್ಮ, ಈ ಊರಿನವರೇ ಹಾಗೆ" ಎಂದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೆಲ್ಲಗೆ ಕೆಳಗಿಳಿದು ಹೋಗಿ, ಅದೇ ಗಾಡಿಯಿಂದ ಒಂದು ಕಟ್ಟು ಕೊತ್ತಂಬರಿ ತಂದುಕೊಟ್ಟೆ.