ಬೀದಿದೀಪ ಸಂಖ್ಯೆ ನಲವತ್ತೇಳು

ರತ್ನದೀಪ, ವಯಸ್ಸು ಎಂಟು, ನಮ್ಮ ಗ್ರಾಮ ಪಂಚಾಯತಿಯ ಏಕೈಕ ಪುತ್ರನಾಗಿರುತ್ತಾನೆ. ಈ ಬಗ್ಗೆ ಸರ್ವಾನುಮತದ ಠರಾವು ಇದೆ. ನಮ್ಮ ಪಂಚಾಯತಿ ಹುಮನಾಬಾದಕ್ಕೂ ಬಸವಕಲ್ಯಾಣಕ್ಕೂ ನಡುವೆ ಬರುತ್ತದೆ. ಅದರ ಹೆಸರನ್ನು ಹೊರಗೆ ಹೇಳಲು ಸಭೆಯ ಅನುಮತಿ ಇನ್ನೂ ಸಿಗದ ಕಾರಣ, ಅಲ್ಲಿಯ ಗುಮಾಸ್ತನಾದ ನಾನು ಅದನ್ನು ಇಲ್ಲಿ ಬರೆದಿಲ್ಲ.

ರತ್ನದೀಪನ ತಾಯಿ ತೀರಿಕೊಂಡಿದ್ದಾಳೆ. ತಂದೆ ಪುಣೆಗೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಯಿತು, ಸುದ್ದಿಯಿಲ್ಲ. ಅಜ್ಜಿ ಅಂಬುಬಾಯಿ ಹೊಲದಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗಿ ಅವನನ್ನು ಸಾಕುತ್ತಿದ್ದಳು. ಈ ವರ್ಷ ಕೂತರೆ ಏಳಲಾಗದಷ್ಟು ಮೊಣಕಾಲು ಹಿಡಿದುಕೊಂಡಾಗ ಪಂಚಾಯತಿಗೆ ಬಂದಳು.

"ಸಾಹೇಬ್ರ, ದಿಕ್ಕಿಲ್ಲದ ಮಕ್ಕಳಿಗಿ ಸರ್ಕಾರ ಏನೋ ಕೊಡ್ತದಂತ. ಕೊಡಸ್ರಿ. ಇಲ್ಲಾಂದ್ರ ಪೋರನ ಸಾಲಿ ಬಿಡಿಸಿ ಆಡು ಕಾಯಾಕ ಕಳಸಬೇಕಾಗ್ತದ."

ನಮ್ಮ ಅಭಿವೃದ್ಧಿ ಅಧಿಕಾರಿ ಅಶೋಕಕುಮಾರ ಕನಿಕರವುಳ್ಳವರು. ಆದರೆ ಕನಿಕರವನ್ನೂ ಸುತ್ತೋಲೆ ನೋಡಿಯೇ ಪಡುವವರು. ಹಿಂದಿನ ವಾರವಷ್ಟೇ ಹುಮನಾಬಾದದ ಒಂದು ಸಮಾರಂಭದಲ್ಲಿ ಮೇಲಧಿಕಾರಿಯೊಬ್ಬರು, "ಇಂಥ ಮಕ್ಕಳಿಗೆ ಪಂಚಾಯತಿಯೇ ತಾಯಿ, ಪಂಚಾಯತಿಯೇ ತಂದೆ" ಎಂದು ಭಾಷಣ ಮುಗಿಸಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಶೋಕಕುಮಾರ ಒಬ್ಬರೇ ಅದನ್ನು ಮೌಖಿಕ ಆದೇಶವೆಂದು ಬರೆದುಕೊಂಡು ಬಂದಿದ್ದರು.

ಆದೇಶ ಪಾಲನೆಯಾಯಿತು. ಅಧ್ಯಕ್ಷೆ ಜಗದೇವಿಯವರನ್ನು ತಾಯಿಯೆಂದೂ ಉಪಾಧ್ಯಕ್ಷ ಮಲ್ಲಿಕಾರ್ಜುನರನ್ನು ತಂದೆಯೆಂದೂ ಸಭೆ ಆಯ್ಕೆ ಮಾಡಿತು. ಅವಧಿ ಮುಗಿದ ಮೇಲೆ ಮೀಸಲಾತಿ ಪಟ್ಟಿಯಂತೆ ತಾಯಿ ಬದಲಾಗತಕ್ಕದ್ದು ಎಂಬ ಷರತ್ತೂ ಸೇರಿತು.

ಇಷ್ಟೆಲ್ಲ ಲಗತ್ತಿಸಿ ಕಳಿಸಿದ ಸಹಾಯಧನದ ಅರ್ಜಿ ಇಪ್ಪತ್ತು ದಿನಕ್ಕೆ ವಾಪಸು ಬಂತು. ಷರಾ ಹೀಗಿತ್ತು: "ಸದರಿ ಬಾಲಕನಿಗೆ ತಂದೆ-ತಾಯಿ ಇರುವುದು ದಾಖಲೆಯಿಂದ ಕಂಡುಬರುತ್ತದೆ. ಅಲ್ಲದೆ ಪೋಷಕರಿಗೆ ಇಡೀ ಊರಿನ ಮನೆ ಕರ, ನೀರಿನ ಕರದ ಆದಾಯವಿದೆ. ತಿರಸ್ಕರಿಸಿದೆ."

ಸಭೆಗೆ ಬಂದ ಅಂಬುಬಾಯಿ ಷರಾವನ್ನು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಜಗದೇವಿಯವರ ಕಡೆ ತಿರುಗಿದಳು.

"ಹಂಗಾರ ಅವನ ಅವ್ವ ನೀವೇ ಅಲ್ರಿ? ಉಣ್ಣಾಕ ಹಾಕ್ರಿ."

ಜಗದೇವಿಯವರಿಗೂ ಮೂರು ಮಕ್ಕಳಿವೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಹಾಕೋಣ್ರಿ ಸಾಹೇಬ್ರ, ಅದರಾಗ ಏನದ?" ಎಂದರು.

"ಅವಕಾಶ ಇಲ್ರಿ ಮೇಡಂ. ಆಸ್ತಿ ರಜಿಸ್ಟರದಾಗ ಇದ್ದದ್ದಕ್ಕಷ್ಟೇ ನಾವು ನಿರ್ವಹಣಾ ಮಾಡಬಹುದು. ರಸ್ತಾ, ಗಟಾರ, ನಳ, ಬೀದಿದೀಪ. ಮಗ ಅನ್ನೋ ಕಾಲಂ ಇಲ್ಲ," ಎಂದರು ಅಶೋಕಕುಮಾರ.

"ಗಟಾರ ಅಂತ ಬರ್ಯೂದು ಛಲೋ ಕಾಣಾಂಗಿಲ್ಲ ಬಿಡ್ರಿ," ಎಂದರು ಮಲ್ಲಿಕಾರ್ಜುನ. "ಹುಡುಗನ ಹೆಸರು ಏನಂದ್ರಿ?"

"ರತ್ನದೀಪ."

ಸಭೆ ಹಗುರಾಗಿ ಉಸಿರು ಬಿಟ್ಟಿತು. ಬೀದಿದೀಪ ಸಂಖ್ಯೆ ನಲವತ್ತೇಳು, ಸ್ಥಳ ಅಂಬುಬಾಯಿಯ ಮನೆ, ಎಂದು ನಾನೇ ರಜಿಸ್ಟರಿನಲ್ಲಿ ಬರೆದೆ. ತಂತಿ ಎಂದಿರುವಲ್ಲಿ ಜೋಳ-ಬೇಳೆ ಎಂದೂ, ಬಲ್ಬ್ ಎಂದಿರುವಲ್ಲಿ ನೋಟ್‌ಬುಕ್ ಎಂದೂ ಓದಿಕೊಳ್ಳತಕ್ಕದ್ದು ಎಂದು ಅಡಿಟಿಪ್ಪಣಿ ಹಾಕಲಾಯಿತು. ಮರುದಿನ ತಂತಿ ಒಂದು ಚೀಲ, ಬಲ್ಬ್ ಆರು ಅಂಬುಬಾಯಿಯ ಮನೆ ಮುಟ್ಟಿದವು. ಹುಡುಗ ಶಾಲೆಗೆ ಹೋದ. ಅದೇ ವಾರ ಮಲ್ಲಿಕಾರ್ಜುನ, ಮೂವತ್ತೆರಡು ವರ್ಷದ ಗುತ್ತಿಗೆದಾರನಾದ ತಮ್ಮ ಸ್ವಂತ ಮಗನನ್ನು ಎತ್ತರದ ಕಂಬದ ಹೈಮಾಸ್ಟ್ ದೀಪವೆಂದು ನೋಂದಾಯಿಸಿದರು. ಹೈಮಾಸ್ಟಿಗೆ ತಂತಿ ನಾಲ್ಕು ಪಟ್ಟು.

ಆಮೇಲೆ ತಪಾಸಣೆ ಬಂತು. ತಪಾಸಣಾಧಿಕಾರಿ ಅಮೋಘಸಿದ್ದಪ್ಪ ನಿಷ್ಠುರರೆಂದು ಹೆಸರಾದವರು. ಮಧ್ಯಾಹ್ನ ಹನ್ನೆರಡಕ್ಕೆ ಬಂದು ನಲವತ್ತಾರು ಬೀದಿದೀಪ ನೋಡಿ, ಬಿಸಿಲಿನಲ್ಲಿ ಒಂದೂ ಉರಿಯದಿದ್ದರೂ "ತೃಪ್ತಿಕರ" ಎಂದು ಬರೆದರು. ಹೈಮಾಸ್ಟ್ ಮಲಗಿತ್ತು, ಎಬ್ಬಿಸಲಿಲ್ಲ. ನಲವತ್ತೇಳಕ್ಕೆ ಬಂದರೆ ಊಟದ ಬಿಡುವಿಗೆ ಶಾಲೆಯಿಂದ ಬಂದ ಒಬ್ಬ ಹುಡುಗ ಕಟ್ಟೆಯ ಮೇಲೆ ಮಗ್ಗಿ ಬರೆಯುತ್ತ ಕೂತಿದ್ದ.

"ದೀಪ ಎಲ್ಲಿ ಅದ?"

ಜಗದೇವಿಯವರು ಬೆರಳು ತೋರಿಸಿದರು. ಅಮೋಘಸಿದ್ದಪ್ಪ ಹುಡುಗನನ್ನು ನೋಡಿದರು, ಕೈಯಲ್ಲಿದ್ದ ನಮೂನೆಯನ್ನು ನೋಡಿದರು. ನಮೂನೆಯಲ್ಲಿ ಆಶ್ಚರ್ಯಕ್ಕೆ ಜಾಗವಿರಲಿಲ್ಲ.

"ಉರೀತದೇನು?"

"ಹನ್ನೆರಡರ ಮಗ್ಗಿ ತನಕ ಉರೀತದ್ರಿ," ಎಂದಳು ಅಂಬುಬಾಯಿ. "ಹೇಳಪಾ."

ಹುಡುಗ ಎದ್ದು ನಿಂತು ಹೇಳಿದ. ಹನ್ನೆರಡೆಂಟರಲ್ಲಿ ತಡವರಿಸಿದ. "ಒಂದೆಡೆ ಮಿಣುಕುತ್ತದೆ, ಉಳಿದಂತೆ ಉತ್ತಮ" ಎಂದು ದಾಖಲಾಯಿತು.

"ಯಾವಾಗ ಆರ್ತದ?"

"ಒಂಬತ್ತಕ್ಕ ಮಕ್ಕೋತೀನ್ರಿ."

"ಸ್ವಯಂಚಾಲಿತ," ಎಂದು ಬರೆದರು. ಮುಂದಿನ ಕಾಲಮಿಗೆ ಬಂದಾಗ ಪೆನ್ನು ನಿಂತಿತು. "ಕಂಬ ಎಲ್ಲಿ ಅದ? ಕಂಬ ಇಲ್ಲದ ದೀಪ ರಜಿಸ್ಟರದಾಗಿಂದ ತೆಗೀಬೇಕಾಗ್ತದ ನೋಡ್ರಿ."

ಅಶೋಕಕುಮಾರ ನಿಯಮ ಪುಸ್ತಕ ತಿರುವತೊಡಗಿದರು. ಹುಡುಗ ತನ್ನ ನೋಟ್‌ಬುಕ್ಕನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಅಂಬುಬಾಯಿ ಬಾಗಿಲ ಚೌಕಟ್ಟು ಹಿಡಿದು, ಹಲ್ಲು ಕಚ್ಚಿ, ನಿಧಾನಕ್ಕೆ ಎದ್ದಳು. ಬಂದು ಮೊಮ್ಮಗನ ಹಿಂದೆ ನಿಂತಳು.

"ನಾನೇರಿ ಕಂಬ. ಹುಟ್ಟಿದಾಗಿಂದ ಅಂವ ನನ್ನ ಮ್ಯಾಲೇ ನಿಂತಾನ."

ಅಮೋಘಸಿದ್ದಪ್ಪ ಅವಳ ಸುತ್ತ ಒಂದು ಸುತ್ತು ಹಾಕಿದರು. "ಕಂಬ ಹಳೆಯದು, ತುಸು ವಾಲಿದೆ, ಬದಲಿಸುವ ಅಗತ್ಯ ಕಾಣುವುದಿಲ್ಲ" ಎಂದು ಬರೆದು ರುಜು ಹಾಕಿದರು. ಕಂಬಕ್ಕೂ ಪ್ರತ್ಯೇಕ ತಂತಿ ಮಂಜೂರು ಮಾಡಲು ಶಿಫಾರಸು ಮಾಡಿ ಬಸ್ಸು ಹತ್ತಿದರು.

ಮರುದಿನ ಪೇಂಟರ್ ಹುಸೇನ ಡಬ್ಬಿ ಹಿಡಿದು ಬಂದ. ಸಂಖ್ಯೆಯನ್ನು ಕಂಬದ ಮೇಲೆಯೇ ಬರೆಯಬೇಕೆಂಬುದು ನಿಯಮ. ಅಂಬುಬಾಯಿ ಒಪ್ಪದ್ದರಿಂದ ಬಾಗಿಲಿಗೆ ಬರೆದು ಹೋದ. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಈಗ ನಿಂತು ವಿಚಾರಿಸುತ್ತಾರೆ:

"ಅಂಬುಬಾಯಿ, ಕಂಬ ಹ್ಯಾಂಗದವಾ?"

"ನಿಂತದ ನೋಡವಾ," ಎನ್ನುತ್ತಾಳೆ ಅಂಬುಬಾಯಿ, ರೊಟ್ಟಿ ತಟ್ಟುತ್ತ.